ಹಾಡು ಕಲಿಸಲು ಹೊರದೇಶಕ್ಕೆ ಹೊರಟಿದ್ದೀರಾ? ಮೊದಲು ತಿಲಕ್ ನಗರಕ್ಕೆ ಹೋಗಿ ಬನ್ನಿ

ಸಂಗೀತ ಗೊತ್ತಿದೆ, ಮಕ್ಕಳೆಂದರೆ ಇಷ್ಟ, ಎರಡು ತಿಂಗಳು ರಜಾ ಇದೆ, ಹೊರದೇಶದಲ್ಲಿ ವಿಶೇಷ ಮಕ್ಕಳಿಗೆ ಹಾಡು ಹೇಳಿಕೊಡೋಕೆ ಹೋಗ್ಲಾ ಅಕ್ಕ ಅಂತ ಮೈಸೂರಿನ ಕುವೆಂಪುನಗರದಲ್ಲಿ ನನ್ನ ಹತ್ತಿರ ಪಾಠಕ್ಕೆ ಬರುವ ಹುಡುಗಿಯರು ಆಗಾಗ ಕೇಳುತ್ತಾರೆ. ನಾನು ನೇಪಾಳದ ಪೋಖರಾದಲ್ಲಿ ಆರು ವಾರ ಇದೇ ಕೆಲಸ ಮಾಡಿ ಬಂದವಳು. ಹೋಗಿ ಅಂತಲೇ ಹೇಳುತ್ತೇನೆ. ಆದರೆ ಟಿಕೆಟ್ ಮಾಡಿಸುವ ಮುಂಚಿನ ಕೆಲಸ ಇಲ್ಲೇ ಇದೆ.

ತಿಲಕ್ ನಗರದಲ್ಲಿ ಕಿವುಡ ಮಕ್ಕಳ ಮತ್ತು ಅಂಧ ಮಕ್ಕಳ ಸರ್ಕಾರಿ ಶಾಲೆ ಇದೆ. ಮಾನಸಗಂಗೋತ್ರಿಯಲ್ಲಿ 1965ರಿಂದ ಮಾತು, ಕಿವಿಯ ತೊಂದರೆ ಇರುವವರನ್ನು ನೋಡುವ ವಾಕ್ ಶ್ರವಣ ಸಂಸ್ಥೆ ಇದೆ. ಎಲ್ಲೆಲ್ಲಿಂದಲೋ ತಾಯಂದಿರು ಮಕ್ಕಳನ್ನು ಕರೆದುಕೊಂಡು ಬಂದು, ಪಕ್ಕದಲ್ಲೇ ಬಾಡಿಗೆ ಮನೆ ಮಾಡಿಕೊಂಡು ಇರುತ್ತಾರೆ. ಇವಲ್ಲದೆ ಮೈಸೂರು, ಮಂಡ್ಯ ಎರಡೂ ಕಡೆ ಸಣ್ಣ ಸಣ್ಣ ವಿಶೇಷ ಶಾಲೆಗಳಿವೆ. ಯಾವುದಾದರೂ ಒಂದಕ್ಕೆ ಹೋಗಿ ಹೆಡ್ ಮೇಡಂ ಹತ್ತಿರ ವಾರಕ್ಕೆ ಒಂದು ಗಂಟೆ, ಮೂರು ತಿಂಗಳು ಕೊಡಿ ಅಂತ ಕೇಳಿ. ಮೊದಲ ಎರಡು ವಾರ ಹಾಡಲೇಬೇಡಿ. ಹಿಂದೆ ಕೂತು ಸುಮ್ನೆ ನೋಡಿ. ಯಾವ ಮಗು ಯಾವ ಸದ್ದಿಗೆ ಕಿವಿ ಮುಚ್ಚಿಕೊಳ್ಳುತ್ತದೆ, ಯಾರು ಎಡಗೈಯಲ್ಲಿ ಮಾತ್ರ ಹಿಡಿಯುತ್ತಾರೆ, ಟೀಚರ್ ಯಾವಾಗ ದನಿ ತಗ್ಗಿಸುತ್ತಾರೆ, ಇದೆಲ್ಲ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಆಮೇಲೆ ಆ ಶಾಲೆಯವರು ಕೊಡುವ ಒಂದು ಪತ್ರ ನಿಮ್ಮ ಸಂಗೀತ ಪರೀಕ್ಷೆಯ ವಿದ್ವತ್ ಸರ್ಟಿಫಿಕೇಟ್‌ಗಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಇನ್ನೊಂದು ವಿಷಯ. ನೀವು ಮಾಡುವುದು ಸಂಗೀತದ ಆಟಪಾಠ. ಮ್ಯೂಸಿಕ್ ಥೆರಪಿ ಬೇರೆ ಓದು, ಅದಕ್ಕೆ ಬೇರೆ ತರಬೇತಿ ಇದೆ. ಅರ್ಜಿಯಲ್ಲಿ ಥೆರಪಿ ಅಂತ ಬರೆಯಬೇಡಿ, ಹಾಡಿದರೆ ಮಗುವಿಗೆ ಮಾತು ಬರುತ್ತೆ ಅಂತ ತಾಯಂದಿರಲ್ಲಿ ಆಸೆ ಹುಟ್ಟಿಸಲೂಬೇಡಿ.

ಎಲ್ಲಿಗೆ ಹೋಗುವುದು? ನಮ್ಮವರಿಗೆ ಸಲೀಸು ನೇಪಾಳ. ವೀಸಾ ಬೇಡ, ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಸಾಕು. ಆಧಾರ್ ನಡೆಯುತ್ತೆ ಅಂದುಕೊಂಡು ವಿಮಾನ ನಿಲ್ದಾಣಕ್ಕೆ ಹೋಗಿ ಪೆಚ್ಚಾಗಬೇಡಿ. ಜರ್ಮನಿಯಲ್ಲಿ ಸರ್ಕಾರವೇ ನಡೆಸುವ ಸ್ವಯಂಸೇವೆಯ ವ್ಯವಸ್ಥೆ ಇದೆ. ಸಾಮಾನ್ಯವಾಗಿ ಒಂದು ವರ್ಷದ್ದು, ಕೈಖರ್ಚಿಗೆ ಸ್ವಲ್ಪ ದುಡ್ಡು ಕೊಡುತ್ತಾರೆ, ಆದರೆ ಜರ್ಮನ್ ಬರಬೇಕು. ಭಾಷೆ ಕಲಿಯಲು ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನ ಇದೆ. ಜರ್ಮನಿಯ ಆ ಕೆಲಸದಲ್ಲಿ ದಿನವಿಡೀ ಹಾಡು ಇರುವುದಿಲ್ಲ, ಊಟ ಮಾಡಿಸುವುದು, ಬಟ್ಟೆ ಬದಲಿಸುವುದು ಎಲ್ಲವೂ ನಿಮ್ಮದೇ. ಬ್ರಿಟನ್ನಿನಲ್ಲಿ ವಿಸಿಟರ್ ವೀಸಾದ ಮೇಲೆ ಒಟ್ಟು 30 ದಿನ ಮಾತ್ರ, ಅದೂ ನೋಂದಾಯಿತ ಚಾರಿಟಿಯಲ್ಲಿ, ಅದೂ ನೀವು ಹೋಗಿದ್ದೇ ಅದಕ್ಕೆ ಅಂತ ಇರಬಾರದು. ಸಂಬಳ ಇಲ್ಲವಲ್ಲ, ಟೂರಿಸ್ಟ್ ವೀಸಾ ಸಾಕು ಅನ್ನುವ ಏಜೆಂಟನ ಮಾತು ನಂಬಬೇಡಿ. ಎಷ್ಟೋ ದೇಶಗಳಲ್ಲಿ ಸಂಬಳವಿಲ್ಲದ ಕೆಲಸವೂ ಕೆಲಸವೇ.

ಸಂಸ್ಥೆಯನ್ನು ಆರಿಸುವಾಗ ಸ್ವಲ್ಪ ಅನುಮಾನದ ಪಿಶಾಚಿ ಆಗಿ, ಪರವಾಗಿಲ್ಲ. ಮಕ್ಕಳು ಸಂಜೆ ಮನೆಗೆ ಹೋಗುತ್ತಾರಾ, ಅಲ್ಲೇ ಇರುತ್ತಾರಾ ಅಂತ ಕೇಳಿ. ನೇಪಾಳದಲ್ಲೂ ಕಾಂಬೋಡಿಯಾದಲ್ಲೂ ಅನಾಥಾಲಯ ಅಂತ ಬೋರ್ಡ್ ಹಾಕಿರುವ ಕಡೆ ಇರುವ ಎಷ್ಟೋ ಮಕ್ಕಳಿಗೆ ಅಪ್ಪ ಅಮ್ಮ ಇದ್ದಾರೆ. ಹೊರಗಿನವರ ದುಡ್ಡು ಬರಲಿ ಅಂತ ತಂದು ಇಟ್ಟಿರುತ್ತಾರೆ. ಅಂಥ ಕಡೆ ನಿಮ್ಮ ಹಾಡು ಆ ವ್ಯಾಪಾರಕ್ಕೆ ತಾಳ ಹಾಕಿದ ಹಾಗೆ. ಹಗಲು ಶಾಲೆ ನೋಡಿಕೊಳ್ಳಿ. ನಿಮ್ಮಿಂದ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳಿದರೆ ಖುಷಿ ಪಡಿ, ಅವರು ಮಕ್ಕಳ ಬಗ್ಗೆ ಯೋಚಿಸುತ್ತಿದ್ದಾರೆ ಅಂತ ಅರ್ಥ. ಅದಕ್ಕೆ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲೇ ಅರ್ಜಿ ಹಾಕಬಹುದು. ಏನೂ ಕೇಳದೆ ನಾಳೆಯೇ ಬನ್ನಿ, ಫೋಟೊ ತೆಗೆದುಕೊಳ್ಳಿ ಅನ್ನುವವರ ಸಹವಾಸ ಬೇಡ.

ಬ್ಯಾಗಿಗೆ ಬರೋಣ. ಖಂಜಿರ, ಅಂದರೆ ಕೈಯಲ್ಲಿ ಹಿಡಿದು ಬಾರಿಸುವ ಪುಟ್ಟ ಚರ್ಮವಾದ್ಯ, ಮನೆಯಲ್ಲೇ ಇರಲಿ. ಹಳೆಯ ಖಂಜಿರಕ್ಕೆ ಉಡದ ಚರ್ಮ ಹಾಕಿರುತ್ತಾರೆ, ಗಡಿ ದಾಟಿಸಿದರೆ ವನ್ಯಜೀವಿ ಕೇಸು. ಆಸ್ಟ್ರೇಲಿಯಾದಂಥ ಕಡೆ ಯಾವ ಚರ್ಮದ ವಾದ್ಯವಿದ್ದರೂ ಇಳಿದ ಕೂಡಲೇ ಹೇಳಬೇಕು. ಅಲ್ಲಾಡಿಸಿ ಸದ್ದು ಮಾಡಲು ಅವರೆಕಾಳು, ರಾಗಿ ತುಂಬಿದ ಡಬ್ಬಿಯೂ ಬೇಡ, ಖಾಲಿ ಬಾಟಲಿ, ಅಕ್ಕಿ ಅಲ್ಲೇ ಸಿಗುತ್ತದೆ. ನಾನು ಒಯ್ದದ್ದು ದೇವರಾಜ ಮಾರ್ಕೆಟ್ಟಿನಲ್ಲಿ ಕೊಂಡ ಬಿಡಿ ಗೆಜ್ಜೆ, ಅಗಲ ಎಲಾಸ್ಟಿಕ್, ವೆಲ್ಕ್ರೋ ಪಟ್ಟಿ, ಚನ್ನಪಟ್ಟಣದ ನಾಲ್ಕು ಗಿಲಕಿ, ಒಂದು ಪೊಟ್ಟಣ ಬಲೂನು. ಕೈ ಬಿಗಿಯಾಗಿರುವ ಮಗುವಿಗೆ ಕೋಲು ಹಿಡಿಯಲು ಆಗುವುದಿಲ್ಲ, ಗೆಜ್ಜೆ ಹೊಲಿದ ಎಲಾಸ್ಟಿಕ್ ಮಣಿಕಟ್ಟಿಗೆ ಹಾಕಿದರೆ ಕೈ ಅಲ್ಲಾಡಿದಷ್ಟೂ ಸಂಗೀತ. ಬಲೂನು ಕಿವುಡ ಮಕ್ಕಳಿಗೆ. ಎದೆಗೆ ಒತ್ತಿಕೊಂಡರೆ ಡೋಲಿನ ಅದುರು ಮೈಗೆ ತಿಳಿಯುತ್ತದೆ. ಕಿವುಡರಿಗೆ ಸಂಗೀತ ಯಾಕೆ ಅಂತ ಯಾರಾದರೂ ಕೇಳಿದರೆ ಸ್ಕಾಟ್ಲೆಂಡಿನ ಕಿವುಡ ತಾಳವಾದ್ಯಗಾರ್ತಿ ಎವೆಲಿನ್ ಗ್ಲೆನಿ ಅವರ ಕಛೇರಿ ತೋರಿಸಿ, ಬರಿಗಾಲಲ್ಲಿ ನಿಂತು ನೆಲದಿಂದ ನಾದ ಹಿಡಿಯುತ್ತಾರೆ. ಇನ್ನು ಕಣ್ಣು ಕಾಣದ ಮಗುವಿಗೆ ಬರೀ ಗಿಲಕಿ ಕೊಟ್ಟು ಕೂರಿಸಬೇಡಿ. ಪುಟ್ಟರಾಜ ಗವಾಯಿಗಳ ನಾಡಿನವರು ನಾವು, ಸರಿಯಾಗಿ ಸರಳೆ ಅನ್ನುವ ಮೊದಲ ಸ್ವರಪಾಠದಿಂದಲೇ ಶುರು ಮಾಡಿ.

ಅಲ್ಲಿ ಸೈಲೋಫೋನ್ ಇದ್ದರೆ ಅದರ ಎಫ್ ಮತ್ತು ಬಿ ಪಟ್ಟಿ ತೆಗೆದಿಡಿ. ಸಿಯನ್ನು ಷಡ್ಜ, ಅಂದರೆ ಸ ಅಂದುಕೊಂಡರೆ ಉಳಿದದ್ದು ನಮ್ಮ ಮೋಹನ ರಾಗ. ಯಾರು ಎಲ್ಲಿ ಹೊಡೆದರೂ ಅಪಸ್ವರ ಅನ್ನಿಸುವುದಿಲ್ಲ, ಹತ್ತು ಮಕ್ಕಳು ಒಟ್ಟಿಗೆ ಬಡಿದರೂ ಕೇಳುವ ಹಾಗೆ ಇರುತ್ತದೆ.

ತರಗತಿ ಅರ್ಧ ಗಂಟೆ ಸಾಕು. ದಿನಾ ಅದೇ ಹಾಡಿನಿಂದ ಶುರು, ಅದೇ ಹಾಡಿನಿಂದ ಮುಕ್ತಾಯ. ಶುರುವಿನ ಹಾಡಿನಲ್ಲಿ ಒಂದೊಂದೇ ಮಗುವಿನ ಹೆಸರು ಬರಬೇಕು. ಅಲ್ಲಿನ ಭಾಷೆಯ ನಾಲ್ಕು ಸಾಲು ಕಲಿತುಕೊಳ್ಳಿ. ನಾನು ಹನ್ನೆರಡು ಹಾಡು ಸಿದ್ಧ ಮಾಡಿಕೊಂಡು ಹೋಗಿದ್ದೆ, ಆರು ವಾರದಲ್ಲಿ ಬಳಸಿದ್ದು ಮೂರು. ಮಗುವಿನ ಕೈ ಹಿಡಿದು ಬಾರಿಸಬೇಡಿ, ನಿಮ್ಮ ಕೈ ಕೆಳಗಿಡಿ, ಬೇಕಾದರೆ ಮಗುವೇ ತನ್ನ ಕೈ ಮೇಲೆ ಇಟ್ಟುಕೊಳ್ಳುತ್ತದೆ.

ಎಲ್ಲಕ್ಕಿಂತ ಕಷ್ಟ ಕಾಯುವುದು. ನಮಗೆ ತಾಳ ತಪ್ಪಿದರೆ ತಡೆಯಲ್ಲ, ಅಲ್ವಾ? ಪೋಖರಾದಲ್ಲಿ ಒಬ್ಬ ಹುಡುಗ ಇದ್ದ. ಅವನ ಹೆಸರು ಹಾಡಿ, ಮಾದಲ್ ಅನ್ನುವ ನೇಪಾಳಿ ಡೋಲು ಮುಂದಿಟ್ಟು ಕಾಯುತ್ತಿದ್ದೆ. ಮೊದಲ ವಾರ ಮೂರು ಸೆಕೆಂಡಿಗೆ ನಾನೇ ಬಾರಿಸಿ ಮುಂದಕ್ಕೆ ಹೋಗಿಬಿಡುತ್ತಿದ್ದೆ. ಅಲ್ಲಿನ ಟೀಚರ್ ನನ್ನ ಮಂಡಿ ಮೇಲೆ ಕೈಯಿಟ್ಟು ತಡೆದರು. ಮನಸ್ಸಿನಲ್ಲೇ ಎಂಟೆಣಿಕೆಯ ಆದಿತಾಳ ಎಣಿಸಿದೆ. ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು ಆಯಿತು, ಎರಡಾಯಿತು. ಮೂರನೆಯದರ ನಡುವೆ ಎಲ್ಲೋ ಅವನ ಬೆರಳು ಚರ್ಮದ ಮೇಲೆ ಬಿತ್ತು, ಒಂದೇ ಪೆಟ್ಟು, ಆಮೇಲೆ ನನ್ನ ಮುಖ ನೋಡಿದ. ಅವತ್ತಿನಿಂದ ಆ ಹಾಡಿಗೆ ಅವನದೇ ಎಡುಪು, ಅವನು ಬಾರಿಸಿದಾಗಲೇ ಹಾಡು ಶುರು.

ಕೊನೆಯ ವಾರ ಹಾಡುವುದು ನಿಲ್ಲಿಸಿ. ಅಲ್ಲಿನ ಟೀಚರ್ ನಡೆಸಲಿ, ನೀವು ಹಿಂದೆ ಕೂತು ನೋಡಿ. ಹಾಡುಗಳನ್ನು ಅವರ ಫೋನಿನಲ್ಲಿ ರೆಕಾರ್ಡ್ ಮಾಡಿ ಕೊಡಿ. ಗೆಜ್ಜೆ, ಗಿಲಕಿ ಎಲ್ಲ ಅಲ್ಲೇ ಬಿಟ್ಟು ಬನ್ನಿ.