ಥ್ರಿಪ್ಸ್ ಹುಳವನ್ನು ಅರೆಯದೆ ಡಿಎನ್‌ಎ ತೆಗೆದದ್ದು

ಬೇಸಿಗೆಯಲ್ಲಿ ಉಡುಪಿ ಕಡೆಯ ಶಂಕರಪುರದ ಮಲ್ಲಿಗೆ ತೋಟದಿಂದ ತಂದ, ಗಿಡದ ರಸ ಹೀರುವ ಥ್ರಿಪ್ಸ್ ಹುಳ ಒಂದು ಮಿಲಿಮೀಟರ್ ಇದ್ದರೆ ಜಾಸ್ತಿ. ಅದು ಯಾವ ಜಾತಿ ಎಂದು ತಿಳಿಯಲು ಮೊದಲ ಸಲ ಅರೆದೇ ಡಿಎನ್‌ಎ ತೆಗೆದೆ. ಫಲಿತಾಂಶ ಎರಡು ಜಾತಿಗಳ ನಡುವೆ ತೂಗಾಡಿತು. ಮೈಕ್ರೋಸ್ಕೋಪಿನಲ್ಲಿ ನೋಡೋಣ ಅಂದರೆ ಹುಳವೇ ಇಲ್ಲ!

ಮುಂದಿನ ಹುಳವನ್ನು ಇಡಿಯಾಗಿ ಲೈಸಿಸ್ ಬಫರ್ (ಜೀವಕೋಶ ಒಡೆಯುವ ದ್ರಾವಣ), ಪ್ರೋಟಿನೇಸ್ ಕೆ ಎಂಬ ಕಿಣ್ವ ಹಾಕಿ 56 ಡಿಗ್ರಿಯಲ್ಲಿ ನೆನೆಸಿದೆ. ಈ ಕಿಣ್ವ ಒಳಗಿನ ಮಾಂಸ ಕರಗಿಸುತ್ತದೆ, ಹೊರಗಿನ ಕೈಟಿನ್ ಕವಚ ಹಾಗೇ ಉಳಿಯುತ್ತದೆ. ಆದರೆ ಡಿಎನ್‌ಎಯ ಪ್ರತಿ ಮಾಡಿ ಜೆಲ್‌ನಲ್ಲಿ ಓಡಿಸಿದಾಗ, ಡಿಎನ್‌ಎ ಇದ್ದರೆ ಕಾಣಬೇಕಾದ ಗೆರೆಯೇ ಮೂಡಲಿಲ್ಲ. ಎರಡು ದಿನ ಸುಮ್ನೆ ಪ್ರೈಮರನ್ನು (ಪ್ರತಿ ಮಾಡಲು ಶುರು ಹಚ್ಚುವ ಡಿಎನ್‌ಎ ತುಣುಕು) ಬೈದೆ, ಪಾಪ. ತಪ್ಪು ನನ್ನದೇ. ಹುಳ ಕೆಡದಂತೆ ಇಟ್ಟಿದ್ದ ಎಥನಾಲ್ ಅದರ ಮೈಮೇಲೆ ಆರಿರಲಿಲ್ಲ, ನೆನೆಸಿದ್ದೂ ಎರಡೇ ಗಂಟೆ.

ಮತ್ತೆ ಹುಳವನ್ನು ಟಿಶ್ಯೂ ಕಾಗದದ ಮೇಲೆ ಆರಿಸಿದೆ. ಹೊರಗೆ ಆಟಿ ಮಳೆ. ಬಟ್ಟೆ ಆರದಿದ್ದರೂ ಎಥನಾಲ್ ಆರುತ್ತದೆ. ರಾತ್ರಿಯಿಡೀ ನೆನೆಸಿದೆ. ಟ್ಯೂಬ್ ಕುಲುಕಲಿಲ್ಲ, ಕುಲುಕಿದರೆ ಮೀಸೆ ಮುರಿಯುತ್ತದೆ. ಬೆಳಿಗ್ಗೆ ದ್ರವವನ್ನಷ್ಟೇ ಪಿಪೆಟ್‌ನಲ್ಲಿ ಎಳೆದು ಶುದ್ಧ ಮಾಡಿ, ಡಿಎನ್‌ಎಯನ್ನು ಬರೀ 30 ಮೈಕ್ರೋಲೀಟರ್‌ನಲ್ಲಿ ಇಳಿಸಿಕೊಂಡೆ. ಪ್ರಾಣಿಗಳ ಜಾತಿ ಗುರುತಿಸಲು ಬಳಸುವ ಸಿಒಐ ಜೀನಿನ 658 ಅಕ್ಷರಗಳ ತುಣುಕು, ಅಂದರೆ ಬಾರ್‌ಕೋಡ್, ಸ್ಪಷ್ಟವಾಗಿ ಬಂತು.

ಟ್ಯೂಬಿನ ತಳದಲ್ಲಿ ಹುಳ ಗಾಜಿನಂತೆ ತಿಳಿಯಾಗಿ ಕೂತಿತ್ತು. ರೆಕ್ಕೆಯ ನರದ ಮೇಲಿನ ಕೂದಲು ಎಣಿಸುವಷ್ಟು! ಸ್ಲೈಡ್ ಮಾಡಿ, ಡಿಎನ್‌ಎ ಟ್ಯೂಬಿನ ನಂಬರನ್ನೇ ಅದಕ್ಕೂ ಬರೆದಿಟ್ಟೆ.