ಅಚ್ಚಿನ ಸುದ್ದಿಯನ್ನು ವೆಬ್‌ಸೈಟಿಗೆ ಹಾಕುವ ಮುನ್ನ

ಹಾಸನದ ಒಂದು ಸಣ್ಣ ಪತ್ರಿಕೆಯಲ್ಲಿ ಪುಟ ಕಟ್ಟುವುದು ನನ್ನ ಕೆಲಸ. ಈಗ ಅದೇ ಸುದ್ದಿಗಳನ್ನು ವೆಬ್‌ಸೈಟಿಗೂ ಹಾಕುತ್ತೇನೆ.

ಮೊದಲು ಅಕ್ಷರ ನೋಡಿ. ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಅಂಟಿಸಿದರೆ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಗೂಗಲ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ. ಮೊಬೈಲಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ ಅಕ್ಷರಕ್ಕೆ ಬದಲಿಸಿ, ಆಮೇಲೆ ಒಂದ್ಸಲ ಓದಿ. ಅರ್ಕಾವತ್ತು ಕೆಲವು ಕಡೆ ಜಾಗ ತಪ್ಪಿ ಕೂತಿರುತ್ತದೆ.

ನಂತರ ‘ಇಂದು’, ‘ನಿನ್ನೆ’ ತೆಗೆಯಿರಿ. ಇದು ಪೆಟ್ಟು ತಿಂದು ಕಲಿತದ್ದು. ಅಚ್ಚಿನ ಪೇಪರ್ ಮರುದಿನ ಬೋಂಡಾ ಕಟ್ಟಲು ಹೋಗುತ್ತದೆ, ವೆಬ್‌ಸೈಟಿನ ಸುದ್ದಿ ಅಲ್ಲೇ ಇರುತ್ತದೆ. ಒಂದು ಮಳೆಗಾಲ ‘ಇಂದಿನಿಂದ ಶಿರಾಡಿ ಘಾಟ್ ಬಂದ್’ ಎಂದು ಹಾಕಿದ್ದೆ. ಮರುವರ್ಷ ಯಾರೋ ಅದನ್ನೇ ವಾಟ್ಸಾಪ್‌ನಲ್ಲಿ ಹರಿಬಿಟ್ಟರು. ಮಂಗಳೂರಿಗೆ ಹೊರಟವರೊಬ್ಬರು ಸಕಲೇಶಪುರದಿಂದ ಫೋನ್ ಮಾಡಿ ಬೈದರು. ತಪ್ಪು ನನ್ನದೇ ಅಲ್ವಾ? ಈಗ ಮೊದಲ ಸಾಲಿನಲ್ಲೇ ದಿನ, ತಿಂಗಳು, ವರ್ಷ ಬರೆಯುತ್ತೇನೆ.

ತಲೆಬರಹದಲ್ಲಿ ಊರಿನ ಹೆಸರಿರಲಿ. ಸುಮ್ನೆ ‘ಕಾಡಾನೆ ದಾಳಿ’ ಅಂದರೆ ಎಲ್ಲಿ? ಆಲೂರೋ, ಬೇಲೂರೋ, ಮೂಡಿಗೆರೆಯೋ?

ಫೋಟೊ ಸೈಜ್ ಕಡಿಮೆ ಮಾಡಿ. ತಪ್ಪಾಗಿದ್ದರೆ ಸದ್ದಿಲ್ಲದೆ ಅಳಿಸಬೇಡಿ. ಏನು ತಿದ್ದಿದಿರಿ, ಯಾವಾಗ ತಿದ್ದಿದಿರಿ ಎಂದು ಕೆಳಗೆ ಬರೆಯಿರಿ.