ಚಕ್ರ ಸುತ್ತುತ್ತೆ, ಬಟ್ಟೆ ನೇರ ಹೋಗುತ್ತೆ: ಹೊಲಿಗೆ ಮಷಿನ್ನಿನ ಕ್ಯಾಮ್ ನೋಡುವುದು, ಸರಿಪಡಿಸುವುದು ಹೇಗೆ?

ದೀಪಾವಳಿಗೆ ಹತ್ತು ದಿನ ಇರುವಾಗ ನಮ್ಮ ಮನೆಯ ಮಷಿನ್ ಮುನಿಸಿಕೊಂಡಿತು. ಹೊಲಿಗೆಯ ಉದ್ದ ಹೊಂದಿಸುವ ಲಿವರನ್ನು ಪೂರ್ತಿ ಕೆಳಗೆ ಇಳಿಸಿದರೂ ಹೊಲಿಗೆ ಸಣ್ಣದೇ ಬೀಳುತ್ತಿತ್ತು. ರವಿಕೆಗೆ ಕಚ್ಚಾ ಹೊಲಿಗೆ ಹಾಕಲು ಹೋದರೆ ಇರುವೆ ಸಾಲು! ಮಷಿನ್ನಿನ ತಲೆಯನ್ನು ಹಳೇ ಸೀರೆಯಲ್ಲಿ ಸುತ್ತಿ, ಆಟೋದಲ್ಲಿ ತೊಡೆ ಮೇಲಿಟ್ಟುಕೊಂಡು ದಾವಣಗೆರೆಯ ಚೌಕಿಪೇಟೆ ಕಡೆ ಹೋದೆ. ಅಲ್ಲಿ ರಿಪೇರಿ ಮಾಡುವ ಅಜ್ಜ ಒಬ್ಬರಿದ್ದಾರೆ. ಹಿಂದೆ ಹತ್ತಿ ಮಿಲ್ಲಿನಲ್ಲಿ ಮಗ್ಗದ ಫಿಟ್ಟರ್ ಆಗಿದ್ದವರು.

"ಅಜ್ಜಾ, ಒಳಗೆ ಕ್ಯಾಮೋ ಏನೋ ಸವೆದಿದೆ ಅನ್ಸುತ್ತೆ."

"ಕ್ಯಾಮ್ ಅಷ್ಟು ಸುಲಭಕ್ಕೆ ಸವಿಯಲ್ಲವ್ವಾ. ಮೊದ್ಲು ಒಳಗ ಏನೈತಿ ನೋಡು. ಆಮ್ಯಾಲೆ ಬೈಯುವಂತೆ."

ಹಾಗೆಂದು ಸ್ಕ್ರೂ ಡ್ರೈವರನ್ನು ನನ್ನ ಕೈಗೇ ಕೊಟ್ಟರು. ಅವತ್ತು ಅರ್ಧ ಗಂಟೆ ನೋಡಿದ್ದು, ಆಮೇಲೆ ಮನೆಯಲ್ಲಿ ಮತ್ತೆ ಮತ್ತೆ ಮಾಡಿ ನೋಡಿದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಕ್ಯಾಮ್ ಅಂದರೆ ಶಾಫ್ಟ್ ಎನ್ನುವ ಸುತ್ತುವ ಸರಳಿನ ಮೇಲೆ ಕೂತು, ಪಕ್ಕದ ಭಾಗವನ್ನು ದೂಡುತ್ತಾ ಆಡಿಸುವ ಬಿಲ್ಲೆ. ನಾನು ಹೇಳುತ್ತಿರುವುದು ಮನೆಮನೆಯಲ್ಲಿರುವ ಕಪ್ಪು ಮಷಿನ್ ಬಗ್ಗೆ. ಕಾಲಿನಿಂದ ತುಳಿಯುವುದಾದರೂ ಸರಿ, ಪಕ್ಕಕ್ಕೆ ಸಣ್ಣ ಮೋಟಾರ್ ಕೂರಿಸಿದ್ದಾದರೂ ಸರಿ.

ಮೊದಲು: ಒಂದು ಸುತ್ತಿನ ಲೆಕ್ಕ

ಮೋಟಾರ್ ಇದ್ದರೆ ಪ್ಲಗ್ ಕಿತ್ತಿಡಿ. ತುಳಿಯುವ ಮಷಿನ್ ಆದರೆ ಬೆಲ್ಟ್ ಜಾರಿಸಿ. ದಾರ ಬಿಚ್ಚಿ, ಬಾಬಿನ್ ತೆಗೆದಿಡಿ. ಈಗ ಬಲಗಡೆಯ ಚಕ್ರವನ್ನು ಕೈಯಿಂದ ನಿಧಾನವಾಗಿ, ನಿಮ್ಮ ಕಡೆಗೆ ಬರುವಂತೆ ಒಂದೇ ಒಂದು ಸುತ್ತು ತಿರುಗಿಸಿ.

ಸೂಜಿ ಒಂದು ಸಲ ಇಳಿದು ಏರುತ್ತದೆ. ದಾರ ಎಳೆಯುವ ಲಿವರ್ ಒಂದು ಸಲ ಇಳಿದು ಏರುತ್ತದೆ. ಕೆಳಗೆ ಬಾಬಿನ್ ಕೂರುವ ಜಾಗದ ಶಟಲ್ ಅರ್ಧ ಸುತ್ತಿಗಿಂತ ಸ್ವಲ್ಪ ಜಾಸ್ತಿ ಹೋಗಿ ವಾಪಸ್ ಬರುತ್ತದೆ. ಬಟ್ಟೆಯನ್ನು ಒತ್ತಿ ಹಿಡಿಯುವ ಮಷಿನ್ನಿನ ಕಾಲಿನ ಕೆಳಗೆ, ಬಟ್ಟೆಯನ್ನು ಸರಿಸುವ ಹಲ್ಲು ಮೇಲೆದ್ದು, ಹಿಂದಕ್ಕೆ ಸರಿದು, ಕೆಳಗಿಳಿದು, ಮುಂದಕ್ಕೆ ಬರುತ್ತದೆ. ತಿರುಗಿದ್ದು ಒಂದೇ ಸುತ್ತು, ಆದ ಕೆಲಸ ನಾಲ್ಕು.

ಇವುಗಳಲ್ಲಿ ಹಲ್ಲಿನ ಕೆಲಸವೇ ಕಷ್ಟದ್ದು. ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಮಷಿನ್ನಿನಲ್ಲಿ ಬಟ್ಟೆಯನ್ನು ಮುಳ್ಳುಗಳಿರುವ ಪಟ್ಟಿಗೆ ಚುಚ್ಚಿ ನಿಲ್ಲಿಸಬೇಕಿತ್ತು. ಪಟ್ಟಿ ಮುಗಿದರೆ ಹೊಲಿಗೆಯೂ ನಿಂತಿತು. ಬಟ್ಟೆ ಬಿಚ್ಚಿ, ಮತ್ತೆ ಚುಚ್ಚಿ, ಮತ್ತೆ ಶುರು. 1854ರಲ್ಲಿ ಅಮೆರಿಕದ ಅಲೆನ್ ವಿಲ್ಸನ್ ಈ ಏಳು-ಸರಿ-ಇಳಿ-ಬಾ ಎನ್ನುವ ನಾಲ್ಕು ಚಲನೆಯ ಹಲ್ಲಿಗೆ ಪೇಟೆಂಟ್ ಪಡೆದರು. ಇವತ್ತಿಗೂ ನಮ್ಮ ಮನೆಯ ಮಷಿನ್ ಅದೇ ನಾಲ್ಕು ಹೆಜ್ಜೆ ಹಾಕುತ್ತದೆ.

ಸೀರೆ ಡಬ್ಬಿಯ ರಟ್ಟಿನಲ್ಲಿ ಒಂದು ಕ್ಯಾಮ್

ಮಷಿನ್ ಬಿಚ್ಚುವ ಮೊದಲು ಇದನ್ನೊಂದು ಮಾಡಿಬಿಡಿ. ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಹತ್ತು ನಿಮಿಷದ ಕೆಲಸ.

ರಟ್ಟಿನಲ್ಲಿ 8 ಸೆಂಟಿಮೀಟರ್ ಅಗಲದ ದುಂಡು ಬಿಲ್ಲೆ ಕತ್ತರಿಸಿ. ಅದರ ನಡುವಿನಿಂದ ಅಂಚಿನ ಕಡೆಗೆ 2 ಸೆಂಟಿಮೀಟರ್ ಉದ್ದದ ಸೀಳು ಮಾಡಿ. ಸೀಳಿನೊಳಗೆ ಬೋರ್ಡ್ ಪಿನ್ ತೂರಿಸಿ, ಬಿಲ್ಲೆಯನ್ನು ದಪ್ಪ ಥರ್ಮಾಕೋಲ್ ಹಾಳೆಗೆ ಸಿಕ್ಕಿಸಿ ನಿಲ್ಲಿಸಿ. ಬಿಲ್ಲೆಯ ನೆತ್ತಿಯ ಮೇಲೆ ಐಸ್‌ಕ್ರೀಮ್ ಕಡ್ಡಿಯೊಂದನ್ನು ನೆಟ್ಟಗೆ ಊರಿಸಿ. ಅದು ಆ ಕಡೆ ಈ ಕಡೆ ವಾಲದಂತೆ ಎರಡೂ ಪಕ್ಕಕ್ಕೆ ಗುಂಡುಸೂಜಿ ಚುಚ್ಚಿ.

ಪಿನ್ ಸರಿಯಾಗಿ ನಡುವೆ ಇದ್ದರೆ ಬಿಲ್ಲೆ ಎಷ್ಟು ಸುತ್ತಿದರೂ ಕಡ್ಡಿ ಅಲ್ಲಾಡುವುದಿಲ್ಲ. ಪಿನ್ನನ್ನು 1 ಸೆಂಟಿಮೀಟರ್ ಪಕ್ಕಕ್ಕೆ ಸರಿಸಿ, ಬಿಲ್ಲೆ ಜಾರದಂತೆ ಒತ್ತಿ ಹಿಡಿದು ತಿರುಗಿಸಿ. ಈಗ ಪಿನ್ನಿನಿಂದ ಒಂದು ಕಡೆಯ ಅಂಚು 5 ಸೆಂಟಿಮೀಟರ್ ದೂರ, ಇನ್ನೊಂದು ಕಡೆಯದು 3. ಹಾಗಾಗಿ ಕಡ್ಡಿ ಪ್ರತಿ ಸುತ್ತಿಗೆ 2 ಸೆಂಟಿಮೀಟರ್ ಏರಿ ಇಳಿಯುತ್ತದೆ. ಪಿನ್ 2 ಸೆಂಟಿಮೀಟರ್ ಸರಿದರೆ ಓಡಾಟ 4 ಸೆಂಟಿಮೀಟರ್. ನಡುವಿನಿಂದ ಎಷ್ಟು ಸರಿಸಿದಿರೋ ಅದರ ಎರಡರಷ್ಟು ಓಡಾಟ. ಚಕ್ರದ ಗುಂಬ ನಡುವೆ ಕೂರದ ಬಾಡಿಗೆ ಸೈಕಲ್ ಹತ್ತಿದ್ದರೆ ಇದು ನಿಮ್ಮ ಸೊಂಟಕ್ಕೇ ಗೊತ್ತಿರುತ್ತದೆ.

ಹೊಂದಿಸಲು ಬರುವ ಕ್ಯಾಮ್ ಅಂದರೆ ಇದೇ. ಟೈಲರ್ ಅಂಗಡಿಯ ಓವರ್‌ಲಾಕ್ ಮಷಿನ್ ನೋಡಿದ್ದೀರಾ? ಕೆಲವಲ್ಲಿ ಒಂದು ಗುಂಡಿ ಒತ್ತಿ ಹಿಡಿದು ಚಕ್ರ ತಿರುಗಿಸುತ್ತಾರೆ, ಗುಂಡಿ ಟಕ್ ಎಂದು ಒಳಗೆ ಕೂರುತ್ತದೆ, ಹೊಲಿಗೆಯ ಉದ್ದ ಬದಲಾಗುತ್ತದೆ. ಒಳಗೆ ಆಗುವುದು ನಮ್ಮ ಸೀಳಿನಲ್ಲಿ ಪಿನ್ ಸರಿದಂತೆಯೇ.

ಮನೆಯ ಕಪ್ಪು ಮಷಿನ್ ಮಾತ್ರ ಹಾಗಲ್ಲ. ಅದರ ಕ್ಯಾಮ್ ಇದ್ದ ಜಾಗ ಬಿಟ್ಟು ಕದಲುವುದಿಲ್ಲ. ಹಾಗಾದರೆ ಲಿವರ್ ಇಳಿಸಿದಾಗ ಹೊಲಿಗೆ ಹೇಗೆ ದೊಡ್ಡದಾಗುತ್ತದೆ? ನಾನು ಅಜ್ಜನಿಗೆ ಕೇಳಿದ್ದೂ ಇದನ್ನೇ.

ಬೆನ್ನಿನ ಮುಚ್ಚಳ ತೆಗೆಯಿರಿ

ಮಷಿನ್ನಿನ ಕಂಬದ ಹಿಂಭಾಗದಲ್ಲಿ ಸಣ್ಣ ತಟ್ಟೆಯಂಥ ಮುಚ್ಚಳ ಇರುತ್ತದೆ. ಒಂದೇ ಸ್ಕ್ರೂ. ಅದನ್ನು ತೆಗೆದು ಟಾರ್ಚ್ ಬಿಡಿ. ಮೇಲಿನ ಉದ್ದ ಶಾಫ್ಟಿನ ಮೇಲೆ ಕ್ಯಾಮ್ ಕಾಣುತ್ತದೆ. ಕೆಲವು ಮಷಿನ್ನಿನಲ್ಲಿ ದುಂಡಗೆ, ಕೆಲವಲ್ಲಿ ಮೂಲೆ ಸವೆಸಿದ ತ್ರಿಕೋನದ ಹಾಗೆ. ಅದನ್ನು ಎರಡೂ ಕಡೆಯಿಂದ ತಬ್ಬಿಕೊಂಡಂತೆ ಒಂದು ಕವೆ ಕೆಳಕ್ಕೆ ಇಳಿದಿರುತ್ತದೆ. ಕವಣೆ ಮಾಡಲು ಮುರಿಯುತ್ತಿದ್ದೆವಲ್ಲ, ಆ ಕವೆಯ ಆಕಾರವೇ. ಮೆಕ್ಯಾನಿಕ್‌ಗಳು ಫೋರ್ಕ್ ಅನ್ನುತ್ತಾರೆ. ಕವೆಯ ಬುಡ ಕೆಳಗಿನ ಶಾಫ್ಟಿಗೆ ಸೇರಿದೆ. ಆ ಶಾಫ್ಟ್ ತೂಗಿದರೆ ಹಲ್ಲು ಹಿಂದೆ ಮುಂದೆ ಓಡಾಡುತ್ತದೆ. ಹಲ್ಲು ಮೇಲೇಳುವುದಕ್ಕೆ ಬೇರೆಯೇ ದಾರಿ ಇದೆ, ಅದರ ಗೊಡವೆ ಈಗ ಬೇಡ.

ಕವೆಯ ಮೈಗೆ ಸಣ್ಣ ಲೋಹದ ತುಂಡೊಂದು ಅಂಟಿಕೊಂಡಿರುತ್ತದೆ. ಅದು ಒಂದು ಗಾಡಿಯೊಳಗೆ, ಅಂದರೆ ಕೊರೆದ ಹಳ್ಳದೊಳಗೆ, ಆ ಕಡೆ ಈ ಕಡೆ ಜಾರುತ್ತದೆ. ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಹೊಲಿಗೆ ಲಿವರನ್ನು ಮೇಲೆ ಕೆಳಗೆ ಮಾಡಿ. ಆ ಗಾಡಿ ವಾಲುವುದು ಕಾಣುತ್ತದೆ.

"ಪಿ.ಬಿ. ರಸ್ತೆ ಮ್ಯಾಲೆ ಹತ್ತು ಹೆಜ್ಜೆ ಹಾಕಿದ್ರೆ ಎಷ್ಟು ಮ್ಯಾಲಕ್ಕೆ ಹೋಗ್ತೀ?" ಅಂತ ಅಜ್ಜ ಕೇಳಿದರು.

"ಎಲ್ಲಿ ಮೇಲಕ್ಕೆ ಹೋಗ್ತೀನಿ? ಅದು ಸಪಾಟು ರಸ್ತೆ."

"ದುರ್ಗದ ಕೋಟೆ ಹತ್ತುವಾಗ ಅವೇ ಹತ್ತು ಹೆಜ್ಜೆ ಹಾಕು."

ಅಷ್ಟೇ ಸಂಗತಿ. ಕ್ಯಾಮ್ ಕವೆಯನ್ನು ಪ್ರತಿ ಸುತ್ತಿಗೂ ಅಷ್ಟೇ ದೂರ ಪಕ್ಕಕ್ಕೆ ದೂಡುತ್ತದೆ. ಗಾಡಿ ಸಪಾಟಾಗಿದ್ದರೆ ತುಂಡು ಸುಮ್ನೆ ಜಾರಿ ವಾಪಸ್ ಬರುತ್ತದೆ. ಕವೆ ಮೇಲೂ ಹೋಗಲ್ಲ, ಕೆಳಗೂ ಬರಲ್ಲ. ಹಲ್ಲು ನಿಂತಲ್ಲೇ ಎದ್ದು ಇಳಿಯುತ್ತದೆ. ಲಿವರ್ ಇಳಿಸಿದಾಗ ಗಾಡಿ ಓರೆಯಾಗುತ್ತದೆ. ತುಂಡು ಜಾರುವಾಗ ಏರು ಹತ್ತಲೇಬೇಕು, ಜೊತೆಗೆ ಕವೆಯನ್ನೂ ಎಳೆಯುತ್ತದೆ, ಕೆಳಗಿನ ಶಾಫ್ಟ್ ತೂಗುತ್ತದೆ, ಬಟ್ಟೆ ಸರಿಯುತ್ತದೆ. ಓರೆ ಜಾಸ್ತಿ ಆದಷ್ಟೂ ಹೊಲಿಗೆ ಉದ್ದ. ಲಿವರನ್ನು ನಡುವಿನಿಂದ ಮೇಲಕ್ಕೆ ಎತ್ತಿದರೆ ಗಾಡಿ ಇನ್ನೊಂದು ದಿಕ್ಕಿಗೆ ವಾಲುತ್ತದೆ. ಏರು ಇದ್ದದ್ದು ಇಳಿಜಾರಾಗಿ, ಬಟ್ಟೆ ಹಿಮ್ಮುಖ ಹೋಗುತ್ತದೆ. ರಿವರ್ಸ್ ಹೊಲಿಗೆಗೆ ಬೇರೆ ಗೇರು ಗೀರು ಏನೂ ಇಲ್ಲ. ನನಗೆ ಇದನ್ನು ನಂಬುವುದಕ್ಕೆ ನಾಲ್ಕು ಸಲ ಲಿವರ್ ಆಡಿಸಬೇಕಾಯಿತು.

ಕಾಗದದ ಪರೀಕ್ಷೆ

ಹಳೆಯ ಸೂಜಿ ಹಾಕಿ. ಕಾಗದ ಸೂಜಿಯನ್ನು ಮೊಂಡು ಮಾಡುತ್ತದೆ, ಹೊಸದನ್ನು ಹಾಳು ಮಾಡಬೇಡಿ. ದಾರ ಇಲ್ಲದೆ, ನೋಟ್‌ಬುಕ್ಕಿನ ಹಾಳೆಯೊಂದನ್ನು ಕಾಲಿನ ಕೆಳಗಿಟ್ಟು ಲಿವರನ್ನು ಸೊನ್ನೆಗೆ ತನ್ನಿ. ಚಕ್ರವನ್ನು ಕೈಯಿಂದ ಹತ್ತು ಸುತ್ತು ತಿರುಗಿಸಿ. ಸೂಜಿ ಒಂದೇ ತೂತಿನಲ್ಲಿ ಹತ್ತು ಸಲ ಇಳಿದರೆ ಸೊನ್ನೆ ಸರಿಯಾಗಿದೆ. ತೂತು ಗೆರೆಯಂತೆ ಉದ್ದವಾದರೆ ಲಿವರಿನ ಸೊನ್ನೆ ಒಂದು ಕಡೆ, ಗಾಡಿಯ ಸೊನ್ನೆ ಇನ್ನೊಂದು ಕಡೆ ಅಂತ ಅರ್ಥ.

ಈಗ ಲಿವರನ್ನು ನೀವು ದಿನಾ ಹೊಲಿಯುವ ಅಂಕಿಗೆ ಇಳಿಸಿ. ಒಂದು ತೂತು ಬಿದ್ದ ಮೇಲೆ ಹತ್ತು ಸುತ್ತು ತಿರುಗಿಸಿ, ಮೊದಲ ತೂತಿನಿಂದ ಕೊನೆಯ ತೂತಿನವರೆಗೆ ಅಳೆಯಿರಿ. 25 ಮಿಲಿಮೀಟರ್ ಬಂದರೆ ಒಂದೊಂದು ಹೊಲಿಗೆ ಎರಡೂವರೆ ಮಿಲಿಮೀಟರ್. ಇಂಚಿಗೆ ಹತ್ತು ಹೊಲಿಗೆ ಅಂದುಕೊಳ್ಳಿ, ರವಿಕೆಗೆ ಸಾಕು. ಲಿವರನ್ನು ಅಷ್ಟೇ ಮೇಲಕ್ಕೆತ್ತಿ, ಚಕ್ರವನ್ನು ಮೊದಲಿನ ದಿಕ್ಕಿಗೇ ತಿರುಗಿಸುತ್ತಾ ಹಿಮ್ಮುಖ ಹೊಲಿಗೆಯನ್ನೂ ಹತ್ತು ಸುತ್ತು ಹಾಕಿ. ಎರಡೂ ಅಳತೆ ಹತ್ತಿರ ಹತ್ತಿರ ಇರಬೇಕು. ಒಂದು 25, ಇನ್ನೊಂದು 15 ಬಂದರೆ ಸೊನ್ನೆ ಜರುಗಿದೆ. ಅಂಕಿ ಬರೆದ ಪಟ್ಟಿಯನ್ನು ಹಿಡಿದಿರುವ ಸ್ಕ್ರೂ ಸ್ವಲ್ಪ ಸಡಿಲಿಸಿ, ಕಾಗದದಲ್ಲಿ ಒಂದೇ ತೂತು ಬೀಳುವ ಜಾಗಕ್ಕೆ ಸೊನ್ನೆಯನ್ನು ತಂದು ಬಿಗಿಯಿರಿ. ಪಟ್ಟಿ ಸರಿಸಲು ಬಾರದ ಮಷಿನ್ ಆದರೆ ಮೆಕ್ಯಾನಿಕ್‌ಗೆ ಬಿಡಿ.

ನಮ್ಮ ಮಷಿನ್ ಹೀಗೆ ನೋಡಿದಾಗ ಸೊನ್ನೆ ಸರಿಯಾಗಿಯೇ ಇತ್ತು. ಹಿಂದೆ ಮುಂದೆ ಎರಡೂ ಕಡೆ 14 ಮಿಲಿಮೀಟರ್! ಅಜ್ಜ ನಕ್ಕು, "ಈಗ ಹಲ್ಲಿನ ಮ್ಯಾಲಿನ ತಟ್ಟೆ ಬಿಚ್ಚವ್ವಾ" ಅಂದರು.

ಅರಳೆ ಮತ್ತು ಎಣ್ಣೆ

ಸೂಜಿ ಇಳಿಯುವ ತಟ್ಟೆಗೆ ಎರಡು ಸ್ಕ್ರೂ. ತೆಗೆದರೆ ಹಲ್ಲಿನ ಸಾಲುಗಳ ನಡುವೆ ಬೂದು ಬಣ್ಣದ ಗಟ್ಟಿ ಪಟ್ಟಿ. ನಾನು ಅದು ಮಷಿನ್ನಿನ ಭಾಗವೇ ಅಂದುಕೊಂಡಿದ್ದೆ. ಅಜ್ಜ ಗುಂಡುಸೂಜಿಯಿಂದ ಎಬ್ಬಿಸಿದರು. ಕಂಬಳಿಯ ತುಂಡಿನ ಹಾಗೆ ಇಡಿಯಾಗಿ ಎದ್ದು ಬಂತು. ಬಟ್ಟೆಯ ಧೂಳು, ದಾರದ ನಾರು, ಎಣ್ಣೆ ಮೂರೂ ಸೇರಿ ವರ್ಷಗಟ್ಟಲೆ ಒತ್ತಿಕೊಂಡು ಆದದ್ದು. ಹಲ್ಲು ಮೇಲೆದ್ದರೂ ಬಟ್ಟೆಯನ್ನು ಕಚ್ಚುವಷ್ಟು ಏಳುತ್ತಿರಲಿಲ್ಲ. ಜಾರಿ ಜಾರಿ ಅರ್ಧವೇ ಎಳೆಯುತ್ತಿತ್ತು. "ಹತ್ತಿ ಊರಿನ ಮಷಿನ್ನು, ಅರಳೆ ತಿನ್ನದೆ ಇರ್ತದಾ?" ಅಂದರು ಅಜ್ಜ.

ಆದ್ದರಿಂದ ಹೊಲಿಗೆ ಸಣ್ಣದಾದರೆ ಮೊದಲು ಮಾಡಬೇಕಾದ್ದು ಇದು. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಚೊಕ್ಕ ಮಾಡಿ, ತಟ್ಟೆ ಕೂರಿಸಿ, ಹಲ್ಲು ಪೂರ್ತಿ ಮೇಲೆ ಬಂದಾಗ ತಟ್ಟೆಗಿಂತ ಸುಮಾರು ಒಂದು ಮಿಲಿಮೀಟರ್ ಎದ್ದಿದೆಯಾ ನೋಡಿ.

ಎಣ್ಣೆ ಎಲ್ಲಿಗೆ? ಕ್ಯಾಮ್ ಮತ್ತು ಕವೆ ಉಜ್ಜುವ ಜಾಗಕ್ಕೊಂದು ಹನಿ, ಗಾಡಿಯೊಳಗೆ ಜಾರುವ ತುಂಡಿಗೊಂದು ಹನಿ. ಮಷಿನ್ ಎಣ್ಣೆಯೇ ಆಗಬೇಕು. ಕೊಬ್ಬರಿ ಎಣ್ಣೆ ಮಾತ್ರ ಬೇಡವೇ ಬೇಡ. ಹಾಕಿದ ದಿನ ಮಷಿನ್ ಹಗುರ ಅನ್ನಿಸುತ್ತದೆ, ಕೆಲವು ತಿಂಗಳಿಗೆ ಅಂಟಾಗಿ ತುಂಡನ್ನೇ ಹಿಡಿದುಬಿಡುತ್ತದೆ. ಆಮೇಲೆ ಲಿವರ್ ಕದಲುವುದಿಲ್ಲ. ಆಗಲೇ ಹಾಗಾಗಿದ್ದರೆ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ನೆನೆಸಿ, ಒರೆಸಿ, ಮತ್ತೆ ಮಷಿನ್ ಎಣ್ಣೆ ಹಾಕಿ. ಆ ಹೊತ್ತಿನಲ್ಲಿ ಒಲೆ, ದೀಪ ಹತ್ತಿರ ಇರಬಾರದು, ಹೇಳಬೇಕಾಗಿಲ್ಲ ಅಲ್ವಾ.

ಹೊತ್ತು ತಪ್ಪಿದರೆ

ಕ್ಯಾಮ್ ಎಷ್ಟು ದೂಡುತ್ತದೆ ಎನ್ನುವುದರಷ್ಟೇ ಯಾವಾಗ ದೂಡುತ್ತದೆ ಎನ್ನುವುದೂ ಮುಖ್ಯ. ಸೂಜಿ ಬಟ್ಟೆಯೊಳಗೆ ಇರುವಾಗ ಬಟ್ಟೆ ಸರಿಯಬಾರದು. ಚಕ್ರ ನಿಧಾನ ತಿರುಗಿಸಿ ನೋಡಿ. ಸೂಜಿಯ ತುದಿ ಇಳಿದು ಬಟ್ಟೆ ಮುಟ್ಟುವಷ್ಟರಲ್ಲಿ ಹಲ್ಲು ತಟ್ಟೆಯ ಮಟ್ಟಕ್ಕೆ ಇಳಿದಿರಬೇಕು. ಆಗಲೂ ಬಟ್ಟೆ ಎಳೆದಾಡುತ್ತಿದ್ದರೆ ಸೂಜಿ ಬಾಗುತ್ತದೆ, ತಟ್ಟೆಗೆ ಬಡಿದು ಮುರಿಯುತ್ತದೆ. ಮೂರು ಸೂಜಿ ಮುರಿದ ಮೇಲೂ ಸೂಜಿಯನ್ನೇ ಬೈಯುವವರನ್ನು ನೋಡಿದ್ದೇನೆ.

ಇಲ್ಲಿ ಮಾತ್ರ ಕೈ ಹಾಕುವ ಮುಂಚೆ ಯೋಚಿಸಿ. ಕ್ಯಾಮನ್ನು ಶಾಫ್ಟಿಗೆ ಪಿನ್ ಹೊಡೆದು ಕೂರಿಸಿದ್ದರೆ ಅದು ತಾನಾಗಿ ತಿರುಗಿರುವುದಿಲ್ಲ, ಬಿಚ್ಚುವ ಕೆಲಸವೂ ನಮ್ಮದಲ್ಲ. ಸ್ಕ್ರೂ ಇದ್ದರೆ, ಸಡಿಲಿಸುವ ಮೊದಲು ಕ್ಯಾಮ್ ಮತ್ತು ಶಾಫ್ಟ್ ಎರಡಕ್ಕೂ ತಾಗುವಂತೆ ಉಗುರುಬಣ್ಣದಿಂದ ಒಂದು ಗೆರೆ ಎಳೆಯಿರಿ. ಒಣಗಲಿ. ಸರಿ ಬರದಿದ್ದರೆ ಗೆರೆಗೆ ಗೆರೆ ಕೂಡಿಸಿ ಮೊದಲಿನ ಜಾಗಕ್ಕೇ ತರಬಹುದು. ಗೆರೆ ಎಳೆಯದೆ ಬಿಚ್ಚಿದವರು ಮಷಿನ್ನನ್ನು ಅಜ್ಜನ ಹತ್ತಿರ ಚೀಲದಲ್ಲಿ ತರುತ್ತಾರಂತೆ.

ಪಿಕೋ ಮಷಿನ್ನಿನಲ್ಲೂ ಇದೇ

ಸೀರೆ ಅಂಚಿಗೆ ಪಿಕೋ ಹಾಕುವ ಜಿಗ್‌ಜಾಗ್ ಮಷಿನ್ನಿನಲ್ಲಿ ಇನ್ನೊಂದು ಕ್ಯಾಮ್ ಇದೆ. ಅದು ಸೂಜಿಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ದೂಡುತ್ತದೆ. ಎರಡು ಹೊಲಿಗೆ ಸೇರಿ ಒಂದು ಜಿಗ್‌ಜಾಗ್ ಆಗುವುದರಿಂದ, ಮೇಲಿನ ಶಾಫ್ಟ್ ಎರಡು ಸುತ್ತು ಸುತ್ತಿದರೆ ಈ ಕ್ಯಾಮ್ ಒಂದು ಸುತ್ತು. ಮೂಲೆ ಸವೆಸಿದ ತ್ರಿಕೋನದ ಆಕಾರಕ್ಕೂ ಕಾರಣವಿದೆ. ದುಂಡು ಕ್ಯಾಮ್ ಕವೆಯನ್ನು ಎಡೆಬಿಡದೆ ಆಡಿಸುತ್ತಲೇ ಇರುತ್ತದೆ. ತ್ರಿಕೋನದ ಕ್ಯಾಮ್ ಪ್ರತಿ ತುದಿಯಲ್ಲೂ ಕವೆಯನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತದೆ. ಆ ಬಿಡುವಿನಲ್ಲಿ ಸೂಜಿ ನೆಟ್ಟಗೆ ಬಟ್ಟೆಯೊಳಗೆ ಇಳಿದು ಬರುತ್ತದೆ. ಅಗಲದ ಲಿವರ್ ಮತ್ತೆ ಹಳೇ ಉಪಾಯವನ್ನೇ ಮಾಡುತ್ತದೆ: ಓರೆ ಜಾಸ್ತಿ, ಅಗಲ ಜಾಸ್ತಿ.

ಅಜ್ಜನಿಗೆ ಇದು ಹೊಸದೇನಲ್ಲ. "ಮಗ್ಗದಾಗೆ ಇದಕ್ಕೆ ಟ್ಯಾಪೆಟ್ ಅಂತಿದ್ವಿ. ಎರಡು ಸಲ ಲಾಳಿ ಹೊಡದ್ರೆ ಟ್ಯಾಪೆಟ್ ಶಾಫ್ಟ್ ಒಂದು ಸುತ್ತು" ಅಂದರು. ಬೈಕಿನ ಎಂಜಿನ್‌ನಲ್ಲೂ ಹಾಗೇ. ಕ್ರ್ಯಾಂಕ್ ಎರಡು ಸುತ್ತಿದರೆ ಕ್ಯಾಮ್ ಶಾಫ್ಟ್ ಒಂದು.

ಎಲ್ಲ ಮುಗಿದ ಮೇಲೆ ಮುಚ್ಚಳ ಹಾಕಿ, ಕಾಗದದ ಪರೀಕ್ಷೆ ಇನ್ನೊಮ್ಮೆ ಮಾಡಿ. ಬಟ್ಟೆಗೆ ಎಣ್ಣೆ ಹತ್ತದಂತೆ ಹಳೇ ಚಿಂದಿಯ ಮೇಲೆ ಒಂದು ಮೊಳ ಹೊಲಿಯಿರಿ. ತೂತು ಬಿದ್ದ ಹಾಳೆಯ ಮೇಲೆ ಲಿವರಿನ ಅಂಕಿ, ಬಂದ ಅಳತೆ, ತಾರೀಖು ಬರೆದು ಮಷಿನ್ನಿನ ಡ್ರಾದಲ್ಲೇ ಇಡಿ. ನಮ್ಮದರಲ್ಲಿ ಈಗ ಎರಡು ಹಾಳೆ ಇವೆ. ಒಂದರಲ್ಲಿ 14, ಇನ್ನೊಂದರಲ್ಲಿ 25.